ಗುದ್ದಿನ ಬಲ ತೋಳಿನಲ್ಲಿಲ್ಲ: ಮಲ್ಲರ ದೊರೆ ಕೃಷ್ಣದೇವರಾಯನ ಕಥೆ

ತುಂಗಭದ್ರಾ ಜಲಾಶಯದ ಗೇಟುಗಳನ್ನು ತೆರೆದ ಸುದ್ದಿ ಬಂದಾಗಲೆಲ್ಲ ಗಂಗಾವತಿ ತಾಲ್ಲೂಕಿನ ಆನೆಗೊಂದಿಯ ಜನರ ಕಣ್ಣು ಹೊಳೆಯ ಕಡೆಗೆ ಹೊರಳುತ್ತದೆ. ನದಿಪಾತ್ರದ ಬಂಡೆಗಳ ನಡುವೆ ನಿಂತಿರುವ 64 ಕಂಬಗಳ ಮಂಟಪವನ್ನು ಪ್ರವಾಹ ನುಂಗುತ್ತದೆ. ನೀರು ಇಳಿದ ಮೇಲೆ ಕಂಬಗಳು ಮತ್ತೆ ತಲೆ ಎತ್ತುತ್ತವೆ. ಇದು ವಿಜಯನಗರದ ಅರಸ ಕೃಷ್ಣದೇವರಾಯನ ಸಮಾಧಿ ಎಂಬುದು ಈ ಭಾಗದವರ ನಂಬಿಕೆ.

ಕೃಷ್ಣದೇವರಾಯನೆಂದರೆ ನಾಡಿನ ಜನರಿಗೆ ನೆನಪಾಗುವುದು ರತ್ನದ ಬೀದಿ, ತಿರುಪತಿಯ ಮೂರ್ತಿಗಳು, ತೆನಾಲಿ ರಾಮಕೃಷ್ಣನ ಕಥೆಗಳು. ಆದರೆ ಅವನನ್ನು ಕಣ್ಣಾರೆ ಕಂಡು ಬರೆದಿಟ್ಟ ಪರದೇಶಿಯೊಬ್ಬನಿಗೆ ಆತ ಮೊದಲು ಕಂಡದ್ದು ಬೇರೆಯೇ ರೂಪದಲ್ಲಿ. ಸೂರ್ಯ ಹುಟ್ಟುವ ಮೊದಲೇ ಮೈಗೆ ಎಣ್ಣೆ ಬಳಿದುಕೊಂಡು ಕುಸ್ತಿ ಹಿಡಿಯುವ ದೊರೆ ಅವನು. ಆ ದೊರೆಯ ಆಶ್ರಯದಲ್ಲಿ ಸಾವಿರ ಮಲ್ಲರಿದ್ದರು. ಅವರ ಕಾಳಗದಲ್ಲಿ ಪಟ್ಟುಗಳ ಜೊತೆಗೆ ಗುದ್ದುಗಳೂ ಇದ್ದವು. ಹಲ್ಲು ಉದುರುತ್ತಿದ್ದವು, ಕಣ್ಣು ಹೋಗುತ್ತಿದ್ದವು.

ಒಬ್ಬನ ಗುದ್ದಿಗೆ ಎದುರಾಳಿ ನೆಲ ಕಚ್ಚುತ್ತಾನೆ, ಅಷ್ಟೇ ದಪ್ಪ ತೋಳಿನ ಇನ್ನೊಬ್ಬನ ಗುದ್ದಿಗೆ ಬರೀ ಮುಖ ತಿರುವುತ್ತಾನೆ. ಈ ವ್ಯತ್ಯಾಸ ಎಲ್ಲಿಂದ ಬರುತ್ತದೆ ಎಂಬುದು ಗರಡಿ ಮನೆಗಳಷ್ಟೇ ಹಳೆಯ ಪ್ರಶ್ನೆ. ಇಂದಿನ ಪ್ರಯೋಗಾಲಯಗಳು ಅದಕ್ಕೆ ಕೊಡುವ ಉತ್ತರವನ್ನು ಕೈಯಲ್ಲಿ ಹಿಡಿದು ನೋಡಿದರೆ, ಐದು ಶತಮಾನಗಳ ಹಿಂದೆ ಬದುಕಿದ ಈ ದೊರೆಯ ದಿನಚರಿ ಮಾತ್ರವಲ್ಲ, ಅವನ ಗೆಲುವು ಮತ್ತು ಪತನಗಳೂ ಹೊಸ ಬೆಳಕಿನಲ್ಲಿ ಕಾಣುತ್ತವೆ.

ಕುದುರೆ ಲಾಯದಲ್ಲಿ ಉಳಿದ ಕಣ್ಣು

ಕೃಷ್ಣದೇವರಾಯ ತುಳುವ ವಂಶದ ನರಸನಾಯಕ ಮತ್ತು ನಾಗಲಾದೇವಿಯರ ಮಗ. ತಂದೆ ವಿಜಯನಗರದ ದಳಪತಿಯಾಗಿ ರಾಜ್ಯಭಾರದ ಹೊಣೆ ಹೊತ್ತಿದ್ದವನು. ತಂದೆಯ ನಂತರ ಅಧಿಕಾರ ಹಿಡಿದದ್ದು ಮಲ ಅಣ್ಣನಾದ ವೀರನರಸಿಂಹ. 1505ರಿಂದ 1509ರವರೆಗೆ ಆಳಿದ ಆತನ ಕಾಲ ದಂಗೆಗಳಲ್ಲಿಯೇ ಕಳೆದುಹೋಯಿತು.

ವೀರನರಸಿಂಹನ ಕೊನೆಯ ದಿನಗಳ ಬಗ್ಗೆ ಒಂದು ಕಥೆಯನ್ನು ಪೋರ್ಚುಗೀಸ್ ಕುದುರೆ ವ್ಯಾಪಾರಿ ಫರ್ನಾವೊ ನ್ಯೂನಿಜ್ ಬರೆದಿಟ್ಟಿದ್ದಾನೆ. ಆತ ವಿಜಯನಗರದಲ್ಲಿದ್ದುದು ಕೃಷ್ಣದೇವರಾಯ ತೀರಿಕೊಂಡ ಕೆಲವು ವರ್ಷಗಳ ನಂತರ, ಅಚ್ಯುತರಾಯನ ಆಳ್ವಿಕೆಯಲ್ಲಿ. ಆದ್ದರಿಂದ ಅವನು ಬರೆದದ್ದರಲ್ಲಿ ಪೇಟೆಯ ಮಾತು ಬಹಳಷ್ಟಿದೆ. ಅವನ ಪ್ರಕಾರ, ಹಾಸಿಗೆ ಹಿಡಿದ ವೀರನರಸಿಂಹನಿಗೆ ಎಂಟು ವರ್ಷದ ತನ್ನ ಮಗನೇ ಸಿಂಹಾಸನ ಏರಬೇಕೆಂಬ ಆಸೆ. ಅದಕ್ಕೆ ಅಡ್ಡವಾಗಬಲ್ಲವನು ಇಪ್ಪತ್ತು ದಾಟಿದ ತಮ್ಮ. ತಮ್ಮನ ಕಣ್ಣು ಕೀಳಿಸಿ ತಂದು ತೋರಿಸುವಂತೆ ಆತ ಮಂತ್ರಿ ಸಾಳುವ ತಿಮ್ಮರಸನಿಗೆ ಆಜ್ಞಾಪಿಸಿದ.

ತಿಮ್ಮರಸ ಯುವಕನನ್ನು ಕುದುರೆ ಲಾಯಕ್ಕೆ ಕರೆದೊಯ್ದು ವಿಷಯ ತಿಳಿಸಿದ. ತನಗೆ ರಾಜ್ಯವೇ ಬೇಡ, ಜೋಗಿಯಾಗಿ ಬದುಕಿಕೊಳ್ಳುತ್ತೇನೆ ಎಂದು ಯುವಕ ಬೇಡಿಕೊಂಡ. ಮಂತ್ರಿ ಮೇಕೆಯೊಂದರ ಕಣ್ಣುಗಳನ್ನು ಕೀಳಿಸಿ ಅರಸನಿಗೆ ತೋರಿಸಿದ. ಅರಸ ಸಮಾಧಾನದಿಂದ ಕಣ್ಣು ಮುಚ್ಚಿದ. 1509ರಲ್ಲಿ ಕೃಷ್ಣದೇವರಾಯ ಪಟ್ಟವೇರಿದ. ಹಂಪಿಯ ವಿರೂಪಾಕ್ಷ ದೇವಾಲಯದ ರಂಗಮಂಟಪವನ್ನು ಪಟ್ಟಾಭಿಷೇಕದ ನೆನಪಿಗೆಂದು ಕಟ್ಟಿಸಿದ.

ಈ ಕಥೆಯ ಪ್ರತಿ ವಿವರವೂ ನಿಜವೇ ಎಂದು ಇತಿಹಾಸಕಾರರು ಒಪ್ಪುವುದಿಲ್ಲ. ಆದರೆ ತಿಮ್ಮರಸನನ್ನು ಅರಸ ತಂದೆಯಂತೆ ಕಾಣುತ್ತಿದ್ದ ಎಂಬುದರಲ್ಲಿ ಅನುಮಾನವಿಲ್ಲ. ಮುಂದಿನ ಘಟನೆಗಳನ್ನು ಓದುವಾಗ ಈ ಋಣವನ್ನು ನೆನಪಿನಲ್ಲಿಡಬೇಕಾಗುತ್ತದೆ.

ಬೆಳಗಾಗುವ ಮುನ್ನಿನ ಗರಡಿ

ನ್ಯೂನಿಜ್‌ಗಿಂತ ಮೊದಲು, ಸುಮಾರು 1520ರಿಂದ 1522ರ ನಡುವೆ, ವಿಜಯನಗರಕ್ಕೆ ಬಂದವನು ಇನ್ನೊಬ್ಬ ಪೋರ್ಚುಗೀಸ್, ಡೊಮಿಂಗೊ ಪಾಯಸ್. ಇಬ್ಬರ ಬರಹಗಳೂ ಪ್ಯಾರಿಸ್ಸಿನ ಗ್ರಂಥಾಲಯದಲ್ಲಿ ಹಸ್ತಪ್ರತಿಯಾಗಿ ಉಳಿದಿದ್ದವು. 1897ರಲ್ಲಿ ಲಿಸ್ಬನ್‌ನಲ್ಲಿ ಅಚ್ಚಾದವು. 1900ರಲ್ಲಿ ರಾಬರ್ಟ್ ಸಿವೆಲ್ ಅವುಗಳನ್ನು ಇಂಗ್ಲಿಷಿಗೆ ತಂದು ಮರೆತುಹೋದ ಸಾಮ್ರಾಜ್ಯವನ್ನು ಲೋಕಕ್ಕೆ ನೆನಪಿಸಿದ.

ಪಾಯಸ್ ಅರಸನನ್ನು ಹತ್ತಿರದಿಂದ ಕಂಡಿದ್ದ. ಅವನು ಚಿತ್ರಿಸುವ ಕೃಷ್ಣದೇವರಾಯ ಸಿನಿಮಾದ ನಾಯಕನಂತಿಲ್ಲ. ಎತ್ತರ ಸಾಧಾರಣ, ಮೈಬಣ್ಣ ಬಿಳುಪು, ದೇಹ ತೆಳ್ಳಗಲ್ಲ, ತುಸು ದಪ್ಪವೇ. ಮುಖದ ಮೇಲೆ ಸಿಡುಬಿನ ಕಲೆಗಳು. ಸದಾ ನಗುಮುಖ, ಪರದೇಶಿಗಳನ್ನು ಆದರಿಸುವ ಸ್ವಭಾವ. ಇಷ್ಟೆಲ್ಲ ಹೊಗಳಿದ ಮೇಲೆ ಪಾಯಸ್ ಒಂದು ಮಾತನ್ನು ಸೇರಿಸಲು ಮರೆತಿಲ್ಲ. ಈ ಅರಸನಿಗೆ ಇದ್ದಕ್ಕಿದ್ದಂತೆ ಕಡುಕೋಪ ಬರುತ್ತಿತ್ತು.

ದಿನಚರಿಯ ವಿವರ ಇನ್ನೂ ಸ್ವಾರಸ್ಯಕರ. ನಸುಕು ಹರಿಯುವ ಮುನ್ನವೇ ಎದ್ದು ಅರಸ ಅರ್ಧ ಲೀಟರಿಗೆ ತುಸು ಕಡಿಮೆಯಾಗುವಷ್ಟು ಎಳ್ಳೆಣ್ಣೆಯನ್ನು ಕುಡಿಯುತ್ತಿದ್ದ. ಅದೇ ಎಣ್ಣೆಯನ್ನು ಮೈತುಂಬ ಹಚ್ಚಿಸಿಕೊಳ್ಳುತ್ತಿದ್ದ. ಸೊಂಟಕ್ಕೊಂದು ತುಂಡು ಬಟ್ಟೆ ಬಿಗಿದು, ಮಣ್ಣಿನಿಂದ ಮಾಡಿದ ದೊಡ್ಡ ದೊಡ್ಡ ಭಾರಗಳನ್ನು ತೋಳುಗಳಲ್ಲಿ ಎತ್ತುತ್ತಿದ್ದ. ಬಳಿಕ ಕತ್ತಿ ಹಿಡಿದು, ಕುಡಿದ ಎಣ್ಣೆಯೆಲ್ಲ ಬೆವರಾಗಿ ಹರಿದುಹೋಗುವವರೆಗೆ ವರಸೆ ಮಾಡುತ್ತಿದ್ದ. ಅದಾದ ಮೇಲೆ ತನ್ನ ಮಲ್ಲರಲ್ಲೊಬ್ಬನ ಜೊತೆ ಕುಸ್ತಿ. ಕೊನೆಗೆ ಕುದುರೆ ಏರಿ ಬಯಲಿನಲ್ಲಿ ಅತ್ತಿಂದಿತ್ತ ನಾಗಾಲೋಟ. ಇಷ್ಟೆಲ್ಲ ಮುಗಿಯುವ ಹೊತ್ತಿಗೆ ಬೆಳಗಾಗುತ್ತಿತ್ತು. ಆಮೇಲೆ ಮೀಯುವುದು, ಅರಮನೆಯೊಳಗಿನ ಗುಡಿಯಲ್ಲಿ ಪೂಜೆ, ಅದಾದ ಮೇಲೆ ಅಧಿಕಾರಿಗಳೊಂದಿಗೆ ರಾಜಕಾರ್ಯ.

ಇದು ಒಬ್ಬ ಅರಸನ ಖಯಾಲಿಯಲ್ಲ. ಕನ್ನಡ ನಾಡಿನಲ್ಲಿ ಇದಕ್ಕೆ ನಾಲ್ಕು ಶತಮಾನಗಳ ಬೇರು ಅದಾಗಲೇ ಇತ್ತು. ಯಲಬುರ್ಗಾ ಸೀಮೆಯ ಇಟಗಿಯಲ್ಲಿ 1112ರಲ್ಲಿ ಮಹಾದೇವ ದೇವಾಲಯವನ್ನು ಕಟ್ಟಿಸಿದ ಕಲ್ಯಾಣ ಚಾಲುಕ್ಯರ ಕಾಲದಲ್ಲಿಯೇ ಮಲ್ಲವಿದ್ಯೆ ಶಾಸ್ತ್ರವಾಗಿತ್ತು. ಆ ವಂಶದ ಮೂರನೆಯ ಸೋಮೇಶ್ವರ 12ನೇ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ ಸಂಸ್ಕೃತ ವಿಶ್ವಕೋಶ 'ಮಾನಸೋಲ್ಲಾಸ'ದಲ್ಲಿ ಮಲ್ಲವಿನೋದಕ್ಕೆ ಪ್ರತ್ಯೇಕ ಅಧ್ಯಾಯವಿದೆ. ವಯಸ್ಸು, ಮೈಕಟ್ಟು, ಬಲಗಳನ್ನು ನೋಡಿ ಮಲ್ಲರನ್ನು ವರ್ಗಗಳಾಗಿ ವಿಂಗಡಿಸಬೇಕೆಂದು ಅದು ವಿಧಿಸುತ್ತದೆ. ಅವರು ಮಾಡಬೇಕಾದ ಸಾಧನೆಗಳನ್ನೂ ಹೆಸರಿಸುತ್ತದೆ: ಭಾರ ಎತ್ತುವ ಭಾರಶ್ರಮ, ನಡೆಯುವ ಭ್ರಮಣಶ್ರಮ, ನೀರಿನಲ್ಲಿ ಈಜುವ ಸಲಿಲಶ್ರಮ, ತೋಳಿಗೆ ತೋಳು ಕೊಟ್ಟು ಒತ್ತುವ ಬಾಹುಪೆಲ್ಲಣಕಶ್ರಮ, ಕಂಬದ ಮೇಲಿನ ಸ್ತಂಭಶ್ರಮ.

ಈ ಐದರಲ್ಲಿ ಮುಷ್ಟಿಯ ಅಭ್ಯಾಸ ಎಲ್ಲಿಯೂ ಇಲ್ಲ ಎಂಬುದನ್ನು ಗಮನಿಸಬೇಕು. ಕಾಲು, ಸೊಂಟ, ಬೆನ್ನು, ಉಸಿರು, ಹಿಡಿತ, ಇವೇ ಮುಖ್ಯ. ಕೃಷ್ಣದೇವರಾಯನ ಮುಂಜಾವಿನ ಸಾಧನೆಯೂ ಇದೇ ಜಾಡಿನಲ್ಲಿತ್ತು.

ಮಹಾನವಮಿಯ ಸಾವಿರ ಮಲ್ಲರು

ಹಂಪಿಯಲ್ಲಿ ಇಂದಿಗೂ ಎತ್ತರವಾಗಿ ನಿಂತಿರುವ ಮಹಾನವಮಿ ದಿಬ್ಬದ ಕಲ್ಲುಗಳಲ್ಲಿ ಆನೆ, ಕುದುರೆ, ಬೇಟೆ, ನರ್ತಕಿಯರ ಜೊತೆಗೆ ಮಲ್ಲರ ಜೋಡಿಗಳೂ ಕೆತ್ತಲ್ಪಟ್ಟಿವೆ. ಒಂಬತ್ತು ದಿನಗಳ ನವರಾತ್ರಿಯಲ್ಲಿ ಅರಸ ಕುಳಿತು ನೋಡುತ್ತಿದ್ದ ಆಟಗಳಲ್ಲಿ ಮಲ್ಲಕಾಳಗವೂ ಒಂದು.

ಪಾಯಸ್‌ಗೆ ಈ ಕಾಳಗ ತನ್ನ ದೇಶದ ಕುಸ್ತಿಯಂತೆ ಕಾಣಲಿಲ್ಲ. ಇಲ್ಲಿ ಕೆಡವುವುದರ ಜೊತೆಗೆ ಹೊಡೆತವೂ ಇತ್ತು. ಹಲ್ಲು ಮುರಿಯುವ, ಕಣ್ಣು ಹೋಗುವ, ಮುಖ ವಿಕಾರವಾಗುವಷ್ಟು ಕಠಿಣ ಹೊಡೆತಗಳು. ಮಾತು ನಿಂತುಹೋದವರನ್ನು ಗೆಳೆಯರು ಹೊತ್ತೊಯ್ಯುತ್ತಿದ್ದರು. ಆದರೆ ಇದು ಗೊತ್ತುಗುರಿಯಿಲ್ಲದ ಹೊಡೆದಾಟವಾಗಿರಲಿಲ್ಲ. ಮಲ್ಲರಿಗೆ ನಾಯಕರಿದ್ದರು, ತೀರ್ಪುಗಾರರಿದ್ದರು. ಸಮಬಲರನ್ನೇ ಎದುರುಬದುರು ನಿಲ್ಲಿಸುವುದು, ಗೆದ್ದವನಿಗೆ ಗೌರವ ಸಲ್ಲಿಸುವುದು ಅವರ ಕೆಲಸವಾಗಿತ್ತು.

ನ್ಯೂನಿಜ್ ಇನ್ನೊಂದು ವಿವರ ಕೊಡುತ್ತಾನೆ. ಅರಸನಲ್ಲಿ ಸಾವಿರ ಮಲ್ಲರಿದ್ದರು. ಹಬ್ಬದಲ್ಲಿ ಅರಸನ ಮುಂದೆ ಸೆಣಸುವುದನ್ನು ಬಿಟ್ಟರೆ ಅವರಿಗೆ ಬೇರೆ ಚಾಕರಿ ಇರಲಿಲ್ಲ. ಕೈಯಲ್ಲಿ ಮೊನೆಗಳಿದ್ದ ಬಳೆಯಂಥ ಸಾಧನ ಹಿಡಿದು ಅವರು ಪರಸ್ಪರ ಗುದ್ದುತ್ತಿದ್ದರು. ಹೆಚ್ಚು ಗಾಯಗೊಂಡವನಿಗೆ ಅರಸನಿಂದ ರೇಷ್ಮೆ ವಸ್ತ್ರ ದೊರೆಯುತ್ತಿತ್ತು. ಕುಸ್ತಿ ಹಿಡಿಯುವ ಹೆಂಗಸರೂ ಅರಮನೆಯಲ್ಲಿದ್ದರೆಂದು ಅವನು ಬರೆದಿದ್ದಾನೆ.

ಮೈಸೂರು ದಸರಾ ನೋಡಿದವರಿಗೆ ಈ ವಿವರ ಅಪರಿಚಿತವಲ್ಲ. ವಿಜಯದಶಮಿಯಂದು ಜಂಬೂಸವಾರಿಗೆ ಮುನ್ನ ಮೈಸೂರು ಅರಮನೆಯ ಅಂಗಳದಲ್ಲಿ ನಡೆಯುವ ವಜ್ರಮುಷ್ಟಿ ಕಾಳಗ ಇದರ ಮುಂದುವರಿಕೆಯೇ. ತಲೆ ಬೋಳಿಸಿಕೊಂಡ ಜಟ್ಟಿಗಳು ಬೆರಳುಗಳಿಗೆ ಮೊನೆಯುಳ್ಳ ವಜ್ರಮುಷ್ಟಿಯನ್ನು ತೊಟ್ಟು ಕಣಕ್ಕಿಳಿಯುತ್ತಾರೆ. ಒಬ್ಬನ ತಲೆಯಿಂದ ರಕ್ತ ಚಿಮ್ಮಿದೊಡನೆ ಕಾಳಗ ಮುಗಿಯುತ್ತದೆ. ವಿಜಯನಗರ ಹಾಳಾದ ಮೇಲೆ 1610ರಲ್ಲಿ ರಾಜ ಒಡೆಯರ್ ಶ್ರೀರಂಗಪಟ್ಟಣದಲ್ಲಿ ದಸರಾ ಆಚರಣೆಯನ್ನು ಮುಂದುವರಿಸಿದಾಗ, ಮಲ್ಲಕಾಳಗವೂ ಹಬ್ಬದ ಜೊತೆಗೆ ದಕ್ಷಿಣಕ್ಕೆ ಸಾಗಿತು.

ಗುದ್ದಿನ ಲೆಕ್ಕಾಚಾರ

ಇಂಥ ಗುದ್ದಿನ ಹಿಂದಿನ ಬಲವನ್ನು ಅಳೆಯುವ ಕೆಲಸ ನಡೆದದ್ದು 20ನೇ ಶತಮಾನದಲ್ಲಿ, ಬಾಕ್ಸಿಂಗ್ ಕ್ರೀಡೆಯ ನೆಪದಲ್ಲಿ. 1985ರಲ್ಲಿ ಸೋವಿಯತ್ ಸಂಶೋಧಕರು ಬಾಕ್ಸರ್‌ಗಳ ನೇರ ಹೊಡೆತವನ್ನು ಬಿಡಿಸಿ ನೋಡಿದರು. ಪಳಗಿದ ಬಾಕ್ಸರ್‌ಗಳ ಗುದ್ದಿನಲ್ಲಿ ಕಾಲಿನ ಒದೆತದ ಪಾಲು ಸುಮಾರು ಶೇ 38, ಮುಂಡದ ತಿರುವಿನ ಪಾಲು ಶೇ 37. ತೋಳಿನ ಪಾಲು ಕೇವಲ ಶೇ 24. ಕೆಳಹಂತದ ಬಾಕ್ಸರ್‌ಗಳಲ್ಲಿ ಕಾಲಿನ ಪಾಲು ಶೇ 17ಕ್ಕಿಂತ ಕಡಿಮೆ, ತೋಳಿನ ಪಾಲು ಶೇ 38. ಕಲಿಯದವನು ಕೈಯಿಂದ ಹೊಡೆಯುತ್ತಾನೆ, ಕಲಿತವನು ನೆಲದಿಂದ ಹೊಡೆಯುತ್ತಾನೆ ಎಂಬುದೇ ಇದರ ಸಾರ.

ಬಲ ಹುಟ್ಟುವುದು ಹಿಂಗಾಲಿನ ಪಾದ ನೆಲವನ್ನು ಒತ್ತಿದಾಗ. ಅದು ತೊಡೆಯ ಮೂಲಕ ಸೊಂಟಕ್ಕೆ ಏರುತ್ತದೆ. ಸೊಂಟ ತಿರುಗಿದಾಗ ಬೆನ್ನು ಮತ್ತು ಭುಜ ಹಿಂಬಾಲಿಸುತ್ತವೆ. ಕೊನೆಯಲ್ಲಿ ಮೊಣಕೈ ಬಿಚ್ಚಿ ಮುಷ್ಟಿ ಹೊರಡುತ್ತದೆ. ಒಂದರ ವೇಗದ ಮೇಲೆ ಇನ್ನೊಂದರ ವೇಗ ಕೂಡುತ್ತ ಹೋಗುವ ಈ ಸರಪಳಿಯಲ್ಲಿ ಒಂದು ಕೊಂಡಿ ಮೊದಲೇ ಜಾರಿದರೂ, ತಡವಾಗಿ ಬಂದರೂ ಗುದ್ದು ಸೊರಗುತ್ತದೆ. ಕವಣೆ ಬೀಸುವವನಿಗೂ, ಕೊಡಲಿಯಿಂದ ಕಟ್ಟಿಗೆ ಒಡೆಯುವವನಿಗೂ ಈ ಗುಟ್ಟು ಗೊತ್ತು.

ಎರಡನೆಯ ಅಂಶ, ತಾಗುವ ಕ್ಷಣದಲ್ಲಿ ಮುಷ್ಟಿಯ ಹಿಂದೆ ಎಷ್ಟು ತೂಕ ನಿಲ್ಲುತ್ತದೆ ಎಂಬುದು. 2005ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ಬೇರೆ ಬೇರೆ ತೂಕದ 7 ಮಂದಿ ಒಲಿಂಪಿಕ್ ಬಾಕ್ಸರ್‌ಗಳು ಅಳತೆಯ ಗೊಂಬೆಯ ಮುಖಕ್ಕೆ ಗುದ್ದಿದರು. ಮುಷ್ಟಿಯ ಸರಾಸರಿ ವೇಗ ಸೆಕೆಂಡಿಗೆ 9 ಮೀಟರು. ಬಲ ಸುಮಾರು 3,400 ನ್ಯೂಟನ್, ಅಂದರೆ ಸುಮಾರು 350 ಕಿಲೋ ತೂಕದಷ್ಟು. ಆ ಗುದ್ದಿನ ಹಿಂದಿದ್ದ ಪರಿಣಾಮಕಾರಿ ತೂಕ ಸರಾಸರಿ 2.9 ಕಿಲೋ. ಮುಂಗೈ ಸಡಿಲವಾಗಿದ್ದರೆ ಈ ತೂಕ ಕಡಿಮೆಯಾಗುತ್ತದೆ. ಮಣಿಕಟ್ಟು, ಮೊಣಕೈ, ಭುಜಗಳು ತಾಗುವ ಕ್ಷಣಕ್ಕೆ ಸರಿಯಾಗಿ ಬಿಗಿದು ಒಂದೇ ತುಂಡಿನಂತಾದರೆ ಹೆಚ್ಚುತ್ತದೆ. ಭಾರಿ ಮೈಯವನಿಗೆ ಇಲ್ಲಿ ಅನುಕೂಲವಿದೆ ನಿಜ. ಆದರೆ ಮೈತೂಕವೇ ಎಲ್ಲವೂ ಆಗಿದ್ದರೆ, 85 ಕಿಲೋ ಆಸುಪಾಸಿನ ಅಮೆರಿಕದ ರಾಕಿ ಮಾರ್ಸಿಯಾನೊ ಹೆವಿವೇಟ್ ವಿಭಾಗದಲ್ಲಿ ಆಡಿದ 49 ಪಂದ್ಯಗಳನ್ನೂ ಗೆದ್ದು, 43ರಲ್ಲಿ ಎದುರಾಳಿಯನ್ನು ನಾಕೌಟ್ ಮಾಡಲು ಆಗುತ್ತಿರಲಿಲ್ಲ.

ಮೂರನೆಯದು ಎಲ್ಲಕ್ಕಿಂತ ಸೂಕ್ಷ್ಮ. ಪಳಗಿದ ಹೋರಾಟಗಾರರ ಸ್ನಾಯುಗಳಿಗೆ ತಂತಿ ಜೋಡಿಸಿ ನೋಡಿದ ಕೆನಡಾದ ಸಂಶೋಧಕರು 2010ರಲ್ಲಿ ಒಂದು ವಿಶೇಷವನ್ನು ಗುರುತಿಸಿದರು. ಹೊಡೆತ ಹೊರಡುವಾಗ ಸ್ನಾಯು ಒಮ್ಮೆ ಬಿಗಿಯುತ್ತದೆ. ನಡುದಾರಿಯಲ್ಲಿ ಸಡಿಲವಾಗುತ್ತದೆ. ತಾಗುವ ಕ್ಷಣದಲ್ಲಿ ಮತ್ತೆ ಬಿಗಿಯುತ್ತದೆ. ನಡುವಿನ ಆ ಸಡಿಲಿಕೆಯೇ ಮುಷ್ಟಿಗೆ ವೇಗ ಕೊಡುವುದು. ಮೊದಲಿಂದ ಕೊನೆಯವರೆಗೆ ಹಲ್ಲು ಕಚ್ಚಿ ಬಿಗಿಹಿಡಿದ ತೋಳಿನಲ್ಲಿ, ಮುಂದಕ್ಕೆ ಚಾಚುವ ಸ್ನಾಯುವನ್ನು ಹಿಂದಕ್ಕೆ ಎಳೆಯುವ ಸ್ನಾಯುವೇ ತಡೆಯುತ್ತದೆ. ಸಿಟ್ಟಿನಿಂದ ಹೊಡೆದವನ ಗುದ್ದು ನೋಡಲು ಭಯಂಕರ, ತಾಗಿದಾಗ ಹಗುರ. ಗರಡಿಯ ಉಸ್ತಾದರು ಹುಡುಗರಿಗೆ ಮೊದಲು ಸಿಟ್ಟು ಬಿಡಲು ಹೇಳುವುದು ನೀತಿಪಾಠಕ್ಕಾಗಿ ಮಾತ್ರವಲ್ಲ.

ಹಾಗಾದರೆ ವಜ್ರಮುಷ್ಟಿಯ ಪಾತ್ರವೇನು? ಅದು ಗುದ್ದಿನ ಬಲವನ್ನು ಹೆಚ್ಚಿಸುವುದಿಲ್ಲ. ಅದೇ ಬಲವನ್ನು ಅಗಲವಾದ ಮುಷ್ಟಿಯ ಬದಲು ಸಣ್ಣ ಮೊನೆಗಳ ಮೇಲೆ ಒಟ್ಟುಗೂಡಿಸುತ್ತದೆ. ಒತ್ತಡ ಹತ್ತಾರು ಪಟ್ಟು ಏರಿ ಚರ್ಮ ಸೀಳುತ್ತದೆ. ರಕ್ತ ಬೇಗ ಕಾಣುತ್ತದೆ. ಪ್ರಜ್ಞೆ ತಪ್ಪಿಸುವ ಹೊಡೆತದ ದಾರಿ ಬೇರೆ. ಗದ್ದಕ್ಕೆ ಬಿದ್ದ ಗುದ್ದಿನಿಂದ ತಲೆ ಥಟ್ಟನೆ ತಿರುಗಿದಾಗ ಮೆದುಳು ಅಲುಗಿ ಮನುಷ್ಯ ಕುಸಿಯುತ್ತಾನೆ. ಬರುವ ಹೊಡೆತ ಕಂಡರೆ ಕತ್ತಿನ ಸ್ನಾಯುಗಳು ಬಿಗಿದು ತಲೆಯನ್ನು ಕಾಯುತ್ತವೆ. ಕಾಣದ ಹೊಡೆತವೇ ಕೆಡವುವುದು. ಪಾಯಸ್ ಕಂಡ, ಮಾತು ನಿಂತು ಗೆಳೆಯರ ಹೆಗಲೇರಿದ ಮಲ್ಲರಿಗೆ ಆದದ್ದೂ ಬಹುಶಃ ಇದೇ.

ಈ ಲೆಕ್ಕವನ್ನು ಅರಸನ ಮುಂಜಾವಿನ ಪಕ್ಕದಲ್ಲಿಟ್ಟರೆ ಹೊಂದಿಕೆ ತಾನೇ ಕಾಣುತ್ತದೆ. ಮಣ್ಣಿನ ಭಾರ ಬೆನ್ನು ಸೊಂಟಗಳಿಗೆ, ಕತ್ತಿಯ ವರಸೆ ಮುಂಡದ ತಿರುವಿಗೆ ಮತ್ತು ಮಣಿಕಟ್ಟಿಗೆ, ಕುಸ್ತಿ ನೆಲದ ಮೇಲಿನ ಹಿಡಿತಕ್ಕೆ, ಕುದುರೆ ಸವಾರಿ ತೊಡೆಗೆ. ಕೃಷ್ಣದೇವರಾಯ ಹಿಡಿಯುತ್ತಿದ್ದುದು ಕುಸ್ತಿ. ಮುಷ್ಟಿಕಾಳಗಕ್ಕೆ ಆತ ಪ್ರೇಕ್ಷಕ ಮತ್ತು ಪೋಷಕ. ಆದರೆ ಒಂದು ದೊಡ್ಡ ಗುದ್ದಿಗೆ ಬೇಕಾದ ಒಂದೊಂದು ಕೊಂಡಿಯನ್ನೂ ಆತ ದಿನವೂ ಬೇರೆಬೇರೆಯಾಗಿ ಹದಗೊಳಿಸುತ್ತಿದ್ದ.

ರಾಯಚೂರು: ಹಿಂಗಾಲಿನ ಬಲ

ಇಪ್ಪತ್ತು ವರ್ಷಗಳ ಆಳ್ವಿಕೆಯಲ್ಲಿ ಅರ್ಧ ಭಾಗ ದಂಡಯಾತ್ರೆಗಳಲ್ಲಿ ಕಳೆಯಿತು. ಪಟ್ಟವೇರಿದ ಆರಂಭದಲ್ಲಿಯೇ ಉತ್ತರದ ಸುಲ್ತಾನರ ದಾಳಿಯನ್ನು ಹಿಮ್ಮೆಟ್ಟಿಸಿದ. ಉಮ್ಮತ್ತೂರಿನ ಪಾಳೆಯಗಾರನನ್ನು ಮಣಿಸಿ ಶಿವನಸಮುದ್ರದ ಕೋಟೆ ಹಿಡಿದ. ಪೂರ್ವಕ್ಕೆ ತಿರುಗಿ ಒಡಿಶಾದ ಗಜಪತಿಗಳ ಉದಯಗಿರಿ ದುರ್ಗವನ್ನು ದೀರ್ಘ ಮುತ್ತಿಗೆಯ ನಂತರ ಗೆದ್ದ. ಅಲ್ಲಿಂದ ತಂದ ಬಾಲಕೃಷ್ಣನ ಮೂರ್ತಿಗಾಗಿ ಹಂಪಿಯಲ್ಲಿ ಕೃಷ್ಣ ದೇವಾಲಯ ಎದ್ದಿತು. 1515ರಲ್ಲಿ ಕೊಂಡವೀಡು ಕೈವಶವಾಯಿತು. ಕೊನೆಗೆ ಗಜಪತಿಯ ಮಗಳನ್ನೇ ಮದುವೆಯಾಗಿ, ಕೃಷ್ಣಾ ನದಿಯ ಉತ್ತರದ ಪ್ರದೇಶವನ್ನು ಮರಳಿಸಿ ಆತ ಶಾಂತಿ ಮಾಡಿಕೊಂಡ.

ಉಳಿದದ್ದು ರಾಯಚೂರು. ಕೃಷ್ಣಾ ಮತ್ತು ತುಂಗಭದ್ರೆಗಳ ನಡುವಿನ ದೋಆಬ್ ಪ್ರದೇಶಕ್ಕಾಗಿ ವಿಜಯನಗರ ಮತ್ತು ಬಹಮನಿಗಳು ತಲೆತಲಾಂತರ ಕಾದಾಡಿದ್ದರು. ಇಂದಿನ ಕೊಪ್ಪಳ, ಕುಷ್ಟಗಿ, ಯಲಬುರ್ಗಾ, ಗಂಗಾವತಿಗಳೆಲ್ಲ ಈ ದೋಆಬ್‌ನ ನೆಲವೇ. ಕೊಪ್ಪಳ ಪ್ರತ್ಯೇಕ ಜಿಲ್ಲೆಯಾಗುವ 1997ರವರೆಗೂ ಇವು ರಾಯಚೂರು ಜಿಲ್ಲೆಗೇ ಸೇರಿದ್ದವು.

1520ರ ಈ ಯುದ್ಧವನ್ನು ನ್ಯೂನಿಜ್ ವಿಸ್ತಾರವಾಗಿ ವರ್ಣಿಸಿದ್ದಾನೆ. ಬಿಜಾಪುರದ ಇಸ್ಮಾಯಿಲ್ ಆದಿಲ್ ಶಹಾ ಕೃಷ್ಣೆಯನ್ನು ದಾಟಿ ಬಂದ. ಅವನ ಭರವಸೆಯೆಲ್ಲ ಫಿರಂಗಿಗಳ ಮೇಲಿತ್ತು. ವಿಜಯನಗರದ ಮುಂಚೂಣಿ ನುಗ್ಗಿದಾಗ ಆ ಫಿರಂಗಿಗಳು ಒಮ್ಮೆಲೇ ಸಿಡಿದವು. ಮುಂಚೂಣಿ ಚದುರಿ ಓಡತೊಡಗಿತು. ಸೋಲು ಖಚಿತ ಎನ್ನಿಸಿದ ಆ ಗಳಿಗೆಯಲ್ಲಿ ಅರಸ ಕುದುರೆ ಏರಿದ. ಬೆರಳಿನ ಉಂಗುರ ತೆಗೆದು ಸೇವಕನಿಗೆ ಕೊಟ್ಟು, ತಾನು ಸತ್ತರೆ ರಾಣಿಯರಿಗೆ ಗುರುತಾಗಿ ತೋರಿಸಲು ತಿಳಿಸಿದ. ಹಿಂದೆ ಕಾಯ್ದಿರಿಸಿದ್ದ ಎರಡನೆಯ ಸಾಲನ್ನು ಒಟ್ಟುಗೂಡಿಸಿ ಮುಂದಕ್ಕೆ ನಡೆಸಿದ. ಫಿರಂಗಿಗಳು ಮತ್ತೆ ಸಜ್ಜಾಗುವಷ್ಟರಲ್ಲಿ ಆ ಸಾಲು ಶತ್ರುವಿನ ಮೇಲೆ ಬಿದ್ದಿತ್ತು. ಆದಿಲ್ ಶಹಾ ಪ್ರಾಣ ಉಳಿಸಿಕೊಂಡು ಹೊಳೆ ದಾಟಿದ. ಬಳಿಕ ಪೋರ್ಚುಗೀಸ್ ಕ್ರಿಸ್ಟೊವಾವೊ ಡಿ ಫಿಗೆರೆಡೊನ ಬಂದೂಕುಧಾರಿಗಳು ಕೋಟೆಯ ಮೇಲಿನವರನ್ನು ಗುರಿಯಿಟ್ಟು ಹೊಡೆದರು. ರಾಯಚೂರು ವಶವಾಯಿತು.

ನ್ಯೂನಿಜ್ ಕೊಡುವ ಸೇನೆಯ ಲಕ್ಷಗಳ ಅಂಕಿಗಳನ್ನು ಇತಿಹಾಸಕಾರರು ಸಂಶಯದಿಂದಲೇ ನೋಡುತ್ತಾರೆ. ಆದರೆ ಯುದ್ಧ ತಿರುಗಿದ ಬಗೆ ಸ್ಪಷ್ಟ. ಮುಂಗೈಯಂತೆ ಚಾಚಿದ ಮೊದಲ ಸಾಲು ಮುರಿದಾಗ ಗೆಲ್ಲಿಸಿದ್ದು ಹಿಂಗಾಲಿನಂತೆ ನೆಲಕ್ಕೆ ಊರಿ ನಿಂತಿದ್ದ ಸಾಲು. ಸಾವಿನ ಎದುರು ನಿಂತಾಗಲೂ ಅರಸ ಸಿಟ್ಟಿಗೆ ಕೈ ಕೊಡದೆ, ಹೊತ್ತು ನೋಡಿ ಹೊಡೆದಿದ್ದ.

ಬಿಗಿದ ಮುಷ್ಟಿ

ಆ ಹಿಡಿತ ಕೊನೆಯವರೆಗೆ ಉಳಿಯಲಿಲ್ಲ. ಗೆಲುವಿನ ನಂತರ ಸಂಧಾನಕ್ಕೆ ಬಂದ ಆದಿಲ್ ಶಹಾನ ದೂತನಿಗೆ, ಸುಲ್ತಾನ ಬಂದು ತನ್ನ ಪಾದಕ್ಕೆ ಮುತ್ತಿಡಬೇಕೆಂದು ಕೃಷ್ಣದೇವರಾಯ ಷರತ್ತು ವಿಧಿಸಿದನೆಂದು ನ್ಯೂನಿಜ್ ಬರೆಯುತ್ತಾನೆ. ಸುಲ್ತಾನ ಬರಲಿಲ್ಲ. ಅರಸ ಬಿಜಾಪುರದವರೆಗೂ ನುಗ್ಗಿದ. ಸುಲ್ತಾನರೊಡನೆ ಉಳಿದುಹೋದ ಆ ಹಗೆ 1565ರಲ್ಲಿ ರಕ್ಕಸಗಿ-ತಂಗಡಗಿಯ ರಣಾಂಗಣದವರೆಗೆ ಬೆಳೆಯುತ್ತಲೇ ಹೋಯಿತು.

ದೊಡ್ಡ ಪೆಟ್ಟು ಬಿದ್ದದ್ದು ಮನೆಯೊಳಗೆ. 1524ರ ಸುಮಾರಿಗೆ ಅರಸ ತನ್ನ ಆರು ವರ್ಷದ ಮಗ ತಿರುಮಲನಿಗೆ ಪಟ್ಟ ಕಟ್ಟಿದ. ಸಂಭ್ರಮದ ಬೆನ್ನಲ್ಲೇ ಬಾಲಕ ಕಾಯಿಲೆ ಬಿದ್ದು ತೀರಿಕೊಂಡ. ಮಂತ್ರಿ ತಿಮ್ಮರಸನ ಮಗ ವಿಷವಿಕ್ಕಿದನೆಂಬ ಮಾತು ಅರಸನ ಕಿವಿಗೆ ಬಿತ್ತು. ಕುದುರೆ ಲಾಯದಲ್ಲಿ ತನ್ನ ಕಣ್ಣು ಉಳಿಸಿದವನನ್ನು, ಎಲ್ಲ ದಂಡಯಾತ್ರೆಗಳ ಹಿಂದಿನ ಬುದ್ಧಿಯಾಗಿದ್ದ ವೃದ್ಧನನ್ನು, ಅರಸ ತುಂಬಿದ ಸಭೆಯಲ್ಲಿಯೇ ಸೆರೆ ಹಿಡಿಸಿದ. ಮೂರು ವರ್ಷಗಳ ಸೆರೆವಾಸದ ನಡುವೆ ತಿಮ್ಮರಸನ ಮಗ ತಪ್ಪಿಸಿಕೊಂಡು ದಂಗೆ ಎದ್ದು ಸಿಕ್ಕಿಬಿದ್ದ. ಬ್ರಾಹ್ಮಣರಿಗೆ ಮರಣದಂಡನೆ ಇಲ್ಲದ ಕಾರಣ, ತಂದೆ, ಮಗ ಮತ್ತು ತಿಮ್ಮರಸನ ಸಹೋದರ ಮೂವರ ಕಣ್ಣುಗಳನ್ನೂ ಕೀಳಿಸಲಾಯಿತು ಎನ್ನುತ್ತಾನೆ ನ್ಯೂನಿಜ್. 

ಮಗುವಿನ ಸಾವಿಗೆ ವಿಷವೇ ಕಾರಣ ಎಂಬುದಕ್ಕೆ ಪುರಾವೆ ಎಂಬುದು ಯಾವುದೂ ಉಳಿದಿಲ್ಲ. ಉಳಿದಿರುವುದು ಪಾಯಸ್ ಮೊದಲೇ ಗುರುತಿಸಿದ್ದ ಆ ಹಠಾತ್ ಕೋಪದ ನೆನಪು. ಪ್ರತಿದಿನ ಬೆಳಗಿನ ಜಾವ ಮೈಯ ಒಂದೊಂದು ಸ್ನಾಯುವನ್ನೂ ಬಿಗಿಸಲು, ಸಡಿಲಿಸಲು ಕಲಿತಿದ್ದ ದೊರೆ, ಮನಸ್ಸಿನ ಮುಷ್ಟಿಯನ್ನು ಮಾತ್ರ ಬಿಚ್ಚಲಾರದೆ ಹೋದ.

ತಿಮ್ಮರಸನಿಲ್ಲದ ಆಡಳಿತ ಹಿಂದಿನಂತಿರಲಿಲ್ಲ. ಬೆಳಗಾವಿಯತ್ತ ಮತ್ತೊಂದು ದಂಡಯಾತ್ರೆಗೆ ಅರಸ ಸಿದ್ಧತೆ ನಡೆಸಿದ್ದ. 1528ರಲ್ಲಿ ಹಂಪಿಯ ಉಗ್ರನರಸಿಂಹನ ಏಕಶಿಲಾ ವಿಗ್ರಹವನ್ನು ಕಡೆಸಿದ. ಮರುವರ್ಷ ತೊಡೆಸಂದಿನ ನೋವಿನಿಂದ ಹಾಸಿಗೆ ಹಿಡಿದ. ಮಲ ತಮ್ಮ ಅಚ್ಯುತರಾಯನನ್ನು ಉತ್ತರಾಧಿಕಾರಿಯೆಂದು ಹೆಸರಿಸಿ ಕಣ್ಣು ಮುಚ್ಚಿದ. ತುಮಕೂರು ಜಿಲ್ಲೆಯ ಹೊನ್ನೇನಹಳ್ಳಿಯಲ್ಲಿ ಪತ್ತೆಯಾದ, 2022ರಲ್ಲಿ ಸುದ್ದಿಯಾದ ಶಾಸನ ಆ ದಿನವನ್ನು 1529ರ ಅಕ್ಟೋಬರ್ 17 ಎಂದು ಗುರುತಿಸಿಕೊಟ್ಟಿದೆ.

ಹೊಳೆಯ ದಡದಲ್ಲಿ

ಆನೆಗೊಂದಿ ವಿಜಯನಗರಕ್ಕಿಂತ ಹಳೆಯದು. ರಾಜ್ಯ ಹುಟ್ಟಿದ ಊರು ಇದೇ ಎಂದು ನ್ಯೂನಿಜ್ ಕೂಡ ಬರೆದಿದ್ದಾನೆ. ಕೃಷ್ಣದೇವರಾಯ ಗುರುವೆಂದು ಗೌರವಿಸಿದ ವ್ಯಾಸರಾಯರ ವೃಂದಾವನ ಇಲ್ಲಿಯ ನವವೃಂದಾವನ ಗಡ್ಡೆಯಲ್ಲಿದೆ. ಅದಕ್ಕೆ ಅನತಿ ದೂರದಲ್ಲಿ 64 ಕಂಬಗಳ ಮಂಟಪ.

ಉತ್ತರ ಕರ್ನಾಟಕದ ಜಾತ್ರೆಗಳಲ್ಲಿ ಇಂದಿಗೂ ಕುಸ್ತಿಯ ಕಣ ಸಿದ್ಧವಾಗುತ್ತದೆ, ಸಂಗ್ರಾಣಿ ಕಲ್ಲು ಎತ್ತುವ ಪಂದ್ಯಕ್ಕೆ ಜನ ಸೇರುತ್ತಾರೆ. ಕಲ್ಲಿನ ಮುಂದೆ ನಿಂತ ಹುಡುಗನ ತೋಳಿನ ದಪ್ಪವನ್ನು ನೋಡಿ ಹೊಸಬರು ಬೆರಗಾಗುತ್ತಾರೆ. ಬಲ್ಲ ಹಿರಿಯರು ಮೊದಲು ನೋಡುವುದು ಅವನು ಪಾದ ಊರಿದ ಬಗೆಯನ್ನು, ಅನಂತರ ಅವನ ಮುಖವನ್ನು. ಆ ಮುಖದಲ್ಲಿ ಸಿಟ್ಟು ಕಂಡರೆ ಕಲ್ಲು ಏಳುವುದಿಲ್ಲವೆಂದು ಅವರಿಗೆ ಗೊತ್ತಿರುತ್ತದೆ.